ಆಳುವವನ ತಪ್ಪಿಗೆ ಪರಿಹಾರ ಯಾರು ಕೊಡಬೇಕು?

ದ್ವಿತೀಯ ಖಲೀಫಾ ಹ. ಉಮರ್(ರ)ರ ಆಡಳಿತ ಕಾಲದ ಒಂದು ಘಟನೆ. ಒಬ್ಬಾಕೆಯ ಪತಿ ದೂರದೂರಿಗೆ ಹೋಗಿದ್ದ. ಆಕೆಯ ಮನೆಗೆ ಪರಪುರುಷರು ಬಂದು ಹೋಗುತ್ತಿದ್ದಾರೆಂಬ ದೂರು ಖಲೀಫಾರ ಕಿವಿಗೆ ಬಿತ್ತು. ವಿಚಾರಿಸೋಣವೆಂದು ಅವರು ಆಕೆಗೆ ಕರೆ ಕಳುಹಿಸಿದರು. ಉಮರ್(ರ)ರ ಹೆಸರು ಕೇಳಿದರೆ ಗಟ್ಟಿ ಗಂಡಸರೂ ನಡುಗುತ್ತಿದ್ದ ಕಾಲವದು. ಆಕೆಯೋ ಗರ್ಭಿಣಿ. ಖಲೀಫಾರ ಕರೆ ಬಂದಿದೆಯೆಂದು ತಿಳಿದೊಡನೆ ಕಂಗಾಲಾದಳು. ಹೊರಟ ದಾರಿಯಲ್ಲೇ ಹೆರಿಗೆ ನೋವು ಕಾಣಿಸಿಕೊಂಡಿತು. ಅಲ್ಲೇ ಯಾವುದೋ ಮನೆಯನ್ನು ಹೊಕ್ಕು ಹೆತ್ತಳು. ಹುಟ್ಟಿದ ಮಗು ಎರಡು ಬಾರಿ ಅತ್ತು ಕೊನೆಯುಸಿರೆಳೆಯಿತು.

ಸುದ್ದಿ ತಿಳಿದ ಉಮರ್(ರ) ಸಹಾಬಿಗಳನ್ನು ಕರೆದು ಅಭಿಪ್ರಾಯ ಕೇಳಿದರು. ಕೆಲವರು, ನಿಮ್ಮ ಮೇಲೆ ಏನೂ ಬರುವುದಿಲ್ಲ, ನೀವು ಆಡಳಿತಗಾರರು, ಜನರನ್ನು ತಿದ್ದುವುದು ನಿಮ್ಮ ಕೆಲಸ ಎಂದರು. ಒಂದು ಮೂಲೆಯಲ್ಲಿ ಹ. ಅಲೀ(ರ) ಮೌನವಾಗಿ ಕುಳಿತಿದ್ದರು. ಖಲೀಫಾ ಅವರತ್ತ ತಿರುಗಿದರು. ಅಲೀ(ರ) ಹೇಳಿದ ಮಾತಿನ ಸಾರಾಂಶ ಇಷ್ಟು: ಇವರು ಯೋಚಿಸಿ ಹೇಳಿದ್ದರೆ ಇವರ ಯೋಚನೆ ತಪ್ಪು, ನಿಮ್ಮನ್ನು ಮೆಚ್ಚಿಸಲು ಹೇಳಿದ್ದರೆ ನಿಮಗೆ ಹಿತ ಬಯಸಿದವರಲ್ಲ. ಆ ಮಗುವಿನ ರಕ್ತ ಪರಿಹಾರ ನಿಮ್ಮ ಮೇಲಿದೆ. ಆಕೆ ಹೆದರಿದ್ದು ನಿಮ್ಮಿಂದ, ಮಗು ಹೋದದ್ದು ನಿಮ್ಮ ಕರೆಯ ದಾರಿಯಲ್ಲಿ.

ಉಮರ್(ರ) ಅದನ್ನೊಪ್ಪಿದರು. ಪರಿಹಾರದ ಮೊತ್ತವನ್ನು ತಮ್ಮ ಕುಲದವರಿಂದಲೇ ಸಂಗ್ರಹಿಸುವಂತೆ ಅಲೀ(ರ)ರಿಗೇ ಹೊಣೆ ವಹಿಸಿದರು.

ಪ್ರಿಯ ವಾಚಕರೇ, ಈ ಘಟನೆಯಲ್ಲಿ ಉಮರ್(ರ) ಯಾರನ್ನೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ದೂರು ಬಂದಾಗ ವಿಚಾರಣೆಗೆ ಕರೆಯುವ ಅಧಿಕಾರ ಅವರಿಗೆ ಖಂಡಿತ ಇತ್ತು. ಆ ಅಧಿಕಾರವನ್ನು ಅಲೀ(ರ) ಪ್ರಶ್ನಿಸಲೂ ಇಲ್ಲ. ಅವರು ಕೇಳಿದ್ದು ಬೇರೆ ಪ್ರಶ್ನೆ: ಅಧಿಕಾರ ಚಲಾಯಿಸುವಾಗ ಒಬ್ಬ ಬಡಪಾಯಿಗೆ ಆದ ನಷ್ಟವನ್ನು ತುಂಬುವವರಾರು? ಆಕೆಯೇ ತನ್ನ ಹಣೆಬರಹವೆಂದು ಹೊತ್ತುಕೊಳ್ಳಬೇಕೇ?

ಸಭೆಯಲ್ಲಿ ಮೊದಲು ಮಾತನಾಡಿದವರ ವಾದಕ್ಕೆ ಆಧುನಿಕ ಕಾನೂನಿನಲ್ಲಿ ದೊಡ್ಡ ಹೆಸರೇ ಇದೆ. ಅದನ್ನು ಸಾರ್ವಭೌಮ ವಿನಾಯಿತಿ ಎನ್ನುತ್ತಾರೆ. ಅಂದರೆ, ಸರಕಾರವು ತನ್ನ ರಾಜಾಧಿಕಾರವನ್ನು ಚಲಾಯಿಸುವಾಗ ಪ್ರಜೆಗೆ ಹಾನಿಯಾದರೆ, ಆತ ನಷ್ಟ ಪರಿಹಾರ ಕೇಳಿ ಸರಕಾರವನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ರಾಜನು ತಪ್ಪೇ ಮಾಡಲಾರನು ಎಂಬ ಇಂಗ್ಲೆಂಡಿನ ಹಳೆಯ ನಂಬಿಕೆ ಇದರ ಬೇರು. ತಪ್ಪೆಸಗದವನು ಅಲ್ಲಾಹನೊಬ್ಬನೇ ಎಂದು ನಂಬಿದವರಿಗೆ ಈ ಮಾತು ಕೇಳಿದೊಡನೆ ಮೈ ಜುಮ್ಮೆನ್ನಬೇಕು. ಆದರೆ ನಾವು ಇದನ್ನು ಎಷ್ಟು ಸಹಜವಾಗಿ ಸ್ವೀಕರಿಸಿದ್ದೇವೆಂದರೆ, ಸರಕಾರದ ಮೇಲೆ ಕೇಸು ಹಾಕಿ ಗೆದ್ದವರುಂಟೇ ಎಂದು ನಾವೇ ಮರ್ದಿತನ ಬಾಯಿ ಮುಚ್ಚಿಸುತ್ತೇವೆ.

ನಮ್ಮ ದೇಶಕ್ಕೆ ಈ ಸಿದ್ಧಾಂತ ಬಂದದ್ದು ಈಸ್ಟ್ ಇಂಡಿಯಾ ಕಂಪೆನಿಯ ಹಡಗಿನಲ್ಲಿ ಎಂದರೆ ತಪ್ಪಾಗದು. ಕಲ್ಕತ್ತಾದ ಕಿದ್ದರ್‌ಪುರದಲ್ಲಿ ಸರಕಾರದ ಹಡಗುಕಟ್ಟೆಯಿತ್ತು. ಅಲ್ಲಿನ ಕೂಲಿಗಳು ಭಾರವಾದ ಕಬ್ಬಿಣದ ತುಂಡೊಂದನ್ನು ರಸ್ತೆಯಲ್ಲಿ ಹೊತ್ತು ಸಾಗುತ್ತಿದ್ದಾಗ ಸದ್ದಿಗೆ ಬೆದರಿ ಒಂದು ಸಾರೋಟಿನ ಕುದುರೆ ಗಾಯಗೊಂಡಿತು. ಸಾರೋಟಿನ ಯಜಮಾನರಾದ ಹಡಗು ಕಂಪೆನಿಯವರು 350 ರೂಪಾಯಿ ಪರಿಹಾರ ಕೇಳಿ ದಾವೆ ಹೂಡಿದರು. 1861ರಲ್ಲಿ ಕಲ್ಕತ್ತಾ ಸುಪ್ರೀಮ್ ಕೋರ್ಟು ಪರಿಹಾರವನ್ನು ಎತ್ತಿಹಿಡಿಯಿತು. ಹಡಗುಕಟ್ಟೆಯ ಕೆಲಸ ಯಾವ ಖಾಸಗಿ ವ್ಯಾಪಾರಿಯೂ ಮಾಡಬಹುದಾದದ್ದು, ಆದ್ದರಿಂದ ಸರಕಾರ ಹೊಣೆ ಎಂದಿತು. ಆದರೆ ರಾಜಾಧಿಕಾರದ ಕೆಲಸವಾಗಿದ್ದರೆ ಹೊಣೆಯಿರುತ್ತಿರಲಿಲ್ಲ ಎಂಬ ಮಾತನ್ನೂ ಸೇರಿಸಿತು. ಆ ಸೇರಿಕೆಯೇ ಮುಂದೆ ಬೆಳೆದು ಮರವಾಯಿತು. ಸ್ವತಂತ್ರ ಭಾರತದ ಸಂವಿಧಾನದ 300ನೆಯ ವಿಧಿಯೂ ಹಿಂದೆ ಯಾವ ಸಂದರ್ಭಗಳಲ್ಲಿ ಸರಕಾರದ ಮೇಲೆ ದಾವೆ ಹೂಡಬಹುದಿತ್ತೋ ಅದೇ ಸಂದರ್ಭಗಳಲ್ಲಿ ಈಗಲೂ ಹೂಡಬಹುದೆಂದು ಹೇಳಿ, ಸಂಸತ್ತು ಬೇರೆ ಕಾನೂನು ಮಾಡುವ ತನಕ ಹಳೆಯ ಸ್ಥಿತಿಯನ್ನೇ ಉಳಿಸಿತು.

ಆ ಮರದ ಹಣ್ಣು ಎಂಥದೆಂದು ನೋಡಿ. 1947ರ ಸೆಪ್ಟೆಂಬರ್ 20ರ ರಾತ್ರಿ. ದೇಶ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಅಮೃತಸರದ ಒಬ್ಬ ಜೈನ ವ್ಯಾಪಾರಿ ಚಿನ್ನ ಬೆಳ್ಳಿ ಮಾರಲೆಂದು ಮೀರತ್‌ಗೆ ಬಂದಿಳಿದರು. ಬಝಾರಿನಲ್ಲಿ ಹೋಗುತ್ತಿದ್ದವರನ್ನು ಪೊಲೀಸರು ಸಂಶಯದ ಮೇಲೆ ಹಿಡಿದು ಠಾಣೆಗೆ ಒಯ್ದು ಲಾಕಪ್ಪಿಗೆ ಹಾಕಿದರು. ಅವರಲ್ಲಿದ್ದ 103 ತೊಲೆ ಚಿನ್ನವನ್ನೂ ಎರಡು ಮಣಕ್ಕೂ ಮಿಕ್ಕ ಬೆಳ್ಳಿಯನ್ನೂ ವಶಪಡಿಸಿಕೊಂಡರು. ಮರುದಿನ ಜಾಮೀನಿನ ಮೇಲೆ ಬಿಟ್ಟರು. ಬೆಳ್ಳಿ ಮರಳಿತು, ಚಿನ್ನ ಮರಳಲಿಲ್ಲ. ಠಾಣೆಯ ಮಾಲ್‌ಖಾನೆಯ ಉಸ್ತುವಾರಿಯಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಅದನ್ನು ಕದ್ದು ಅಕ್ಟೋಬರ್‌ನಲ್ಲಿ ಪಾಕಿಸ್ತಾನಕ್ಕೆ ಪರಾರಿಯಾಗಿದ್ದ.

ಆ ಹೆಡ್ ಕಾನ್‌ಸ್ಟೇಬಲ್ ಒಬ್ಬ ಮುಸ್ಲಿಮನಾಗಿದ್ದ. ಈ ಮಾತನ್ನು ನಾವು ಬಿಟ್ಟು ಹೇಳಬಾರದು. ಅಮಾನತ್ತಿನ ವಂಚನೆಯ ವಿರುದ್ಧ ಪ್ರವಾದಿ(ಸ)ರು ನೀಡಿದ ಎಚ್ಚರಿಕೆ ಬೇರೆಯವರಿಗಿಂತ ಮೊದಲು ನಮಗೆ. ಖೈಬರ್ ಯುದ್ಧದ ನಂತರ ಬಾಣ ತಗುಲಿ ಸತ್ತ ಒಬ್ಬ ಸೇವಕನನ್ನು ಜನರು ಸ್ವರ್ಗವಾಸಿಯೆಂದು ಹೊಗಳಿದಾಗ, ಹಂಚಿಕೆಗೆ ಮೊದಲೇ ಆತ ಎತ್ತಿಕೊಂಡಿದ್ದ ಒಂದು ಕಂಬಳಿ ಬೆಂಕಿಯಾಗಿ ಅವನನ್ನು ಸುಡುತ್ತಿದೆಯೆಂದು ಅವರು ತಿಳಿಸಿದ್ದರು. ಒಂದು ಕಂಬಳಿಗೆ ಹೀಗಾದರೆ 103 ತೊಲೆ ಚಿನ್ನಕ್ಕೆ? ಅದೂ ಪರವೂರಿನಿಂದ ಬಂದ ಅನ್ಯಧರ್ಮೀಯನೊಬ್ಬನ ಜೀವನೋಪಾಯದ ಬಂಡವಾಳ! ಒಪ್ಪಂದದಡಿ ಬದುಕುವ ಮುಸ್ಲಿಮೇತರನಿಗೆ ಅನ್ಯಾಯವೆಸಗಿದವನ ವಿರುದ್ಧ ಅಂತ್ಯದಿನದಂದು ತಾನೇ ವಾದಿಯಾಗಿ ನಿಲ್ಲುವೆನೆಂದು ಪ್ರವಾದಿ(ಸ)ರು ಸಾರಿದ್ದಾರೆ. ಗಡಿ ದಾಟಿದವನು ಆ ವಿಚಾರಣೆಯಿಂದ ಪಾರಾಗಲಿಲ್ಲ.

ವ್ಯಾಪಾರಿಯ ಸಂಸ್ಥೆ ಉತ್ತರ ಪ್ರದೇಶ ಸರಕಾರದ ಮೇಲೆ ಸುಮಾರು 11 ಸಾವಿರ ರೂಪಾಯಿಗೆ ದಾವೆ ಹೂಡಿತು. ಕೆಳಗಿನ ನ್ಯಾಯಾಲಯ ಪರಿಹಾರ ಕೊಡಿಸಿತು, ಹೈಕೋರ್ಟು ಅದನ್ನು ರದ್ದುಪಡಿಸಿತು. ಕಸ್ತೂರಿಲಾಲ್ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 1964ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತಿತು. ಪೊಲೀಸರು ನಿಯಮ ಮೀರಿದ್ದು ನಿಜ, ಘೋರ ನಿರ್ಲಕ್ಷ್ಯ ವಹಿಸಿದ್ದೂ ನಿಜ ಎಂದು ಒಪ್ಪಿತು. ಆದರೆ ಬಂಧಿಸುವುದು, ಸೊತ್ತನ್ನು ವಶಪಡಿಸಿಕೊಳ್ಳುವುದು ರಾಜಾಧಿಕಾರದ ಕೆಲಸ, ಆದ್ದರಿಂದ ಸರಕಾರ ಹೊಣೆಯಲ್ಲ ಎಂದು ಮೇಲ್ಮನವಿಯನ್ನು ವಜಾ ಮಾಡಿತು. ಬೆದರಿದ ಕುದುರೆಗೆ ಸಿಕ್ಕಿದ್ದು ಪೊಲೀಸ್ ಠಾಣೆಯಲ್ಲಿ ಸುಲಿಗೆಯಾದ ಮನುಷ್ಯನಿಗೆ ಸಿಗಲಿಲ್ಲ.

ತೀರ್ಪು ಬರೆದವರು ಮುಖ್ಯ ನ್ಯಾಯಾಧೀಶ ಗಜೇಂದ್ರಗಡ್ಕರ್. ಹೆಸರಿನಲ್ಲೇ ನಮ್ಮ ಗಜೇಂದ್ರಗಡವನ್ನು ಹೊತ್ತವರು. ಅವರ ಮನಸ್ಸೂ ಇದಕ್ಕೆ ಒಪ್ಪಿರಲಿಲ್ಲವೆಂದು ತೀರ್ಪಿನಿಂದಲೇ ತಿಳಿಯುತ್ತದೆ. ಕಾನೂನಿನ ಈ ಸ್ಥಿತಿ ತೃಪ್ತಿಕರವಲ್ಲ, ಶಾಸಕಾಂಗ ಇದನ್ನು ಸರಿಪಡಿಸಬೇಕು ಎಂದು ಅವರು ಹೇಳಿದರು. ಕಾನೂನು ಆಯೋಗವಂತೂ 1956ರಲ್ಲಿ ತನ್ನ ಮೊದಲನೆಯ ವರದಿಯಲ್ಲೇ ಇದನ್ನು ಶಿಫಾರಸು ಮಾಡಿತ್ತು. 1965ರಲ್ಲಿ ಒಂದು ಮಸೂದೆ ಬಂತು, 1967ರಲ್ಲಿ ಇನ್ನೊಂದು. ಎರಡೂ ಕಾಯ್ದೆಯಾಗಲಿಲ್ಲ. ಅಂಥ ಕಾಯ್ದೆ ಇಂದಿಗೂ ಬಂದಿಲ್ಲ.

ಇನ್ನು ಅಲ್ಲಾಹನ ಸಂದೇಶವಾಹಕರ(ಸ) ಮಾದರಿಯನ್ನು ನೋಡೋಣ. ಹಿಜರಿ 8ನೆಯ ವರ್ಷ, ಮಕ್ಕಾ ವಿಜಯವಾದ ಬಳಿಕ ಅವರು ಹ. ಖಾಲಿದ್ ಬಿನ್ ವಲೀದ್(ರ)ರನ್ನು ಬನೂ ಜದೀಮಾ ಗೋತ್ರದ ಬಳಿಗೆ ಕಳುಹಿಸಿದರು. ಇಸ್ಲಾಮಿಗೆ ಆಹ್ವಾನಿಸಲು ಕಳುಹಿಸಿದ್ದೇ ಹೊರತು ಯುದ್ಧಕ್ಕಲ್ಲ. ಆ ಜನರು ತಾವು ಹಳೆಯ ಧರ್ಮ ಬಿಟ್ಟೆವೆಂದು ಹೇಳಿದರೂ ಅದನ್ನು ಹೇಳಿದ ರೀತಿ ಸ್ಪಷ್ಟವಾಗಿರಲಿಲ್ಲ. ಖಾಲಿದ್(ರ) ತಪ್ಪಾಗಿ ತಿಳಿದರು. ಸೆರೆ ಹಿಡಿದರು, ಕೆಲವರನ್ನು ಕೊಂದರು. ಸುದ್ದಿ ಮುಟ್ಟಿದಾಗ ಪ್ರವಾದಿ(ಸ)ರು ಎರಡೂ ಕೈಗಳನ್ನೆತ್ತಿ, ಖಾಲಿದ್ ಮಾಡಿದ ಕೃತ್ಯದಿಂದ ತಾನು ಮುಕ್ತನೆಂದು ಅಲ್ಲಾಹನ ಮುಂದೆ ನಿವೇದಿಸಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಖಂಡನಾ ಹೇಳಿಕೆಯಾಗುತ್ತಿತ್ತು. ನಮ್ಮ ಕಾಲದ ಸರಕಾರಗಳಿಗೆ ಅದರಲ್ಲಿ ಬಡತನವಿಲ್ಲ. ಪ್ರವಾದಿ(ಸ)ರು ಅಲೀ(ರ)ರಿಗೆ ಹಣ ಕೊಟ್ಟು ಆ ಗೋತ್ರದವರ ಬಳಿಗೆ ಕಳುಹಿಸಿದರು. ಅಲೀ(ರ) ಸತ್ತ ಒಬ್ಬೊಬ್ಬನ ರಕ್ತ ಪರಿಹಾರವನ್ನೂ ಕೊಟ್ಟರು. ಹಾಳಾದ ಸೊತ್ತಿನ ಬೆಲೆ ಕಟ್ಟಿಕೊಟ್ಟರು. ನಾಯಿ ನೀರು ಕುಡಿಯುವ ಮರದ ಬೋಗುಣಿ ಒಡೆದಿದ್ದರೆ ಅದಕ್ಕೂ ಕೊಟ್ಟರೆಂದು ಚರಿತ್ರೆಕಾರರು ಬರೆದಿದ್ದಾರೆ. ಇನ್ನೇನಾದರೂ ಬಾಕಿ ಇದೆಯೇ ಎಂದು ಕೇಳಿದರು. ಇಲ್ಲವೆಂದಾಗ, ಉಳಿದ ಹಣವನ್ನೂ ಅಲ್ಲೇ ಬಿಟ್ಟರು. ನಮಗೂ ಗೊತ್ತಿಲ್ಲದ, ನಿಮಗೂ ನೆನಪಿಲ್ಲದ ನಷ್ಟವಿದ್ದರೆ ಅದಕ್ಕಿದು ಎಂದರು. ಹಿಂದಿರುಗಿ ವಿವರಿಸಿದಾಗ ಪ್ರವಾದಿ(ಸ)ರು ಮೆಚ್ಚಿದರು.

ಯೋಚಿಸಿ ನೋಡಿ. ಸೇನಾನಿಯ ಕಾರ್ಯಾಚರಣೆಗಿಂತ ದೊಡ್ಡ ರಾಜಾಧಿಕಾರದ ಕೆಲಸ ಯಾವುದಿದೆ? ಯಾರೂ ದಾವೆ ಹೂಡಿರಲಿಲ್ಲ. ಸೇನಾನಿಯ ಉದ್ದೇಶ ಕೆಟ್ಟದಿರಲಿಲ್ಲವೆಂದು ವಾದಿಸಲು ಅವಕಾಶವಿತ್ತು. ಮುಂದೆಯೂ ಖಾಲಿದ್(ರ) ಸೇನಾನಿಯಾಗಿಯೇ ಉಳಿದರು. ಆದರೂ ಪರಿಹಾರ ಸಂತ್ರಸ್ತರ ಮನೆಬಾಗಿಲಿಗೆ ನಡೆದು ಹೋಯಿತು.

ಈ ಮಾದರಿಯಿಂದಲೇ ಮುಂದೆ ಕರ್ಮಶಾಸ್ತ್ರಜ್ಞರು ಚರ್ಚೆ ಬೆಳೆಸಿದರು. ನ್ಯಾಯಾಧೀಶನ ತೀರ್ಪು ತಪ್ಪಿ ಒಬ್ಬನ ಪ್ರಾಣ ಹೋದರೆ ಪರಿಹಾರ ಬೈತುಲ್‌ಮಾಲ್‌ನಿಂದ ಸಲ್ಲಬೇಕೆಂದು ಹನಫೀ ವಿದ್ವಾಂಸರು ಹೇಳಿದರು. ನಮ್ಮ ಕರಾವಳಿಯವರು ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯವು ಉಮರ್(ರ)ರ ಘಟನೆಯನ್ನು ಆಧರಿಸಿ, ಅಧಿಕಾರಿಯ ಕುಲದವರೇ ಭರಿಸಬೇಕೆನ್ನುತ್ತದೆ. ಯಾರ ಕೈಯಿಂದ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಬಳಿಗೆ ಒಬ್ಬ ರೈತ ಬಂದು, ಸಿರಿಯಾದ ಸೈನ್ಯ ತನ್ನ ಬೆಳೆಯನ್ನು ತುಳಿದು ಹಾಳು ಮಾಡಿತೆಂದು ದೂರಿದಾಗ ಅವರು ಹತ್ತು ಸಾವಿರ ಕೊಡಿಸಿದರೆಂದು ಇಮಾಮ್ ಅಬೂ ಯೂಸುಫ್ ತಮ್ಮ ಕಿತಾಬುಲ್ ಖರಾಜ್‌ನಲ್ಲಿ ದಾಖಲಿಸಿದ್ದಾರೆ. ಹಾಗೆಂದು ಎಲ್ಲ ಸುಲ್ತಾನರೂ ಹೀಗೇ ನಡೆದುಕೊಂಡರೆಂದು ಹೇಳಿಕೊಳ್ಳುವ ಧೈರ್ಯ ನಮಗಿಲ್ಲ. ಮುಸ್ಲಿಮ್ ಹೆಸರಿನ ಇಂದಿನ ಎಷ್ಟೋ ಸರಕಾರಗಳ ಸೆರೆಮನೆಗಳ ಬಗ್ಗೆ ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ.

ನಮ್ಮ ದೇಶದ ನ್ಯಾಯಾಲಯಗಳೂ 1964ರಲ್ಲೇ ನಿಂತು ಬಿಡಲಿಲ್ಲವೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಬಿಹಾರದ ರುದುಲ್ ಶಾ ಎಂಬವರನ್ನು 1968ರ ಜೂನ್‌ನಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. ಜೈಲು ಅವರನ್ನು ಬಿಟ್ಟದ್ದು 1982ರ ಅಕ್ಟೋಬರ್‌ನಲ್ಲಿ. ನಿರಪರಾಧಿಯೆಂದು ತೀರ್ಮಾನವಾದ ಮೇಲೆ ಹದಿನಾಲ್ಕು ವರ್ಷ! ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಅವರನ್ನು ಬಿಟ್ಟಾಗಿತ್ತು. ಬಿಟ್ಟಾಯಿತಲ್ಲ, ಇನ್ನೇನು ಎಂದು ಕಡತ ಮುಚ್ಚಬಹುದಿತ್ತು. ಆದರೆ ಮುಖ್ಯ ನ್ಯಾಯಾಧೀಶ ಚಂದ್ರಚೂಡರ ಪೀಠ 1983ರಲ್ಲಿ, ಬರೇ ಬಿಡುಗಡೆಯ ಆದೇಶ ಕೊಟ್ಟು ಸುಮ್ಮನಾದರೆ ಜೀವಿಸುವ ಹಕ್ಕು ಹೆಸರಿಗಷ್ಟೇ ಉಳಿಯುವುದೆಂದು ಕಂಡು, ಮೊದಲು ಕೊಟ್ಟಿದ್ದ 5,000ದ ಮೇಲೆ 30,000 ರೂಪಾಯಿ ಕೊಡಲು ಸರಕಾರಕ್ಕೆ ಆಜ್ಞಾಪಿಸಿತು.

ಹತ್ತು ವರ್ಷಗಳ ನಂತರ ಇನ್ನೊಂದು ತೀರ್ಪು ಬಂತು. ಒರಿಸ್ಸಾದ ಸುಂದರ್‌ಗಢ ಜಿಲ್ಲೆಯಲ್ಲಿ 1987ರ ಡಿಸೆಂಬರ್ 1ರಂದು 22ರ ಹರೆಯದ ಯುವಕನೊಬ್ಬನನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಮರುದಿನ ಅವನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತು. ತಪ್ಪಿಸಿಕೊಂಡು ಓಡುವಾಗ ರೈಲಿಗೆ ಸಿಕ್ಕಿದ ಎಂದರು ಪೊಲೀಸರು. ಅವನ ತಾಯಿ ಸುಪ್ರೀಮ್ ಕೋರ್ಟಿಗೆ ಒಂದು ಪತ್ರ ಬರೆದಳು. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, ಜಿಲ್ಲಾ ನ್ಯಾಯಾಧೀಶರಿಂದ ತನಿಖೆ ಮಾಡಿಸಿ, ಅದು ಪೊಲೀಸ್ ವಶದಲ್ಲಾದ ಸಾವೆಂದು ಕಂಡುಕೊಂಡು 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಪರಿಹಾರ ಕೇಳಿದಾಗ ಸಾರ್ವಭೌಮ ವಿನಾಯಿತಿಯ ನೆಪ ನಡೆಯದೆಂದು ನ್ಯಾಯಾಧೀಶ ವರ್ಮಾ ಮತ್ತು ನ್ಯಾಯಾಧೀಶ ಆನಂದ್ ಸ್ಪಷ್ಟಪಡಿಸಿದರು. ನೀಲಾಬತಿ ಬೆಹರಾ ಪ್ರಕರಣವೆಂದರೆ ಇದೇ. ಮೀರತ್‌ನ ವ್ಯಾಪಾರಿಗೆ ಮುಚ್ಚಿದ್ದ ಬಾಗಿಲಿನ ಪಕ್ಕದಲ್ಲಿ ಒಬ್ಬ ತಾಯಿಯ ಕಾಗದದಿಂದ ಇನ್ನೊಂದು ಬಾಗಿಲು ತೆರೆಯಿತು.

ಆದರೆ ಅದು ಎಲ್ಲರಿಗೂ ಸಮನಾಗಿ ತೆರೆಯುವುದಿಲ್ಲ. ಹೈದರಾಬಾದಿನ ಮಕ್ಕಾ ಮಸೀದಿಯಲ್ಲಿ 2007ರಲ್ಲಿ ಸ್ಫೋಟ ನಡೆದಾಗ ಅನೇಕ ಮುಸ್ಲಿಮ್ ಯುವಕರನ್ನೇ ಹಿಡಿದು ಒಳಗೆ ಹಾಕಲಾಯಿತು. ಅವರು ನಿರಪರಾಧಿಗಳೆಂದು ಹೊರಬಂದ ಮೇಲೆ ಆಂಧ್ರ ಸರಕಾರ 2012ರಲ್ಲಿ ಸುಮಾರು 70 ಮಂದಿಗೆ ಪರಿಹಾರ ಹಂಚಿತು. 2013ರಲ್ಲಿ ಹೈಕೋರ್ಟು ಅದನ್ನು ಅಸಿಂಧುಗೊಳಿಸಿತು. ಅಕ್ಷರಧಾಮ ಪ್ರಕರಣದಲ್ಲಿ ಮರಣದಂಡನೆಯ ತನಕ ಹೋದವರೂ ಸೇರಿದಂತೆ ಆರು ಮಂದಿಯನ್ನು ಸುಪ್ರೀಮ್ ಕೋರ್ಟು 2014ರಲ್ಲಿ ಖುಲಾಸೆ ಮಾಡಿತು. ಅವರು ಪರಿಹಾರ ಕೇಳಿದಾಗ, 2016ರಲ್ಲಿ, ಅರ್ಜಿಯನ್ನು ಪುರಸ್ಕರಿಸಲಿಲ್ಲ. ಅದೇ ಕೋರ್ಟು 2018ರಲ್ಲಿ, ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್‌ರಿಗೆ 50 ಲಕ್ಷ ಕೊಡಿಸಿತು. ಅವರ ಬಂಧನವಾದದ್ದು 1994ರಲ್ಲಿ. ಅವರಿಗೆ ಸಿಕ್ಕಿತೆಂದು ನಾವು ಸಂತೋಷಪಡಬೇಕೇ ಹೊರತು ಹೊಟ್ಟೆ ಉರಿಸಿಕೊಳ್ಳಬಾರದು. ನಮ್ಮ ಕೊರಗು ಬೇರೆ: ಕಾಯ್ದೆಯಿಲ್ಲದಿದ್ದರೆ ಪರಿಹಾರವೆಂಬುದು ಹಕ್ಕಾಗದೆ, ಆಯಾ ಪೀಠದ ಕರುಣೆಯಾಗಿಯೇ ಉಳಿಯುತ್ತದೆ. ತಪ್ಪಾಗಿ ಮೊಕದ್ದಮೆಗೆ ಸಿಲುಕಿದವರಿಗೆ ಪರಿಹಾರ ಕೊಡಲು ಕಾನೂನು ತರಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಮತ್ತೊಮ್ಮೆ ಶಿಫಾರಸು ಮಾಡಿದೆ.

ಇಲ್ಲಿ ಕೆಲವು ಸಜ್ಜನರು ಒಂದು ಆಕ್ಷೇಪವೆತ್ತುತ್ತಾರೆ. ಹೋದ ಜೀವ ಹಣದಿಂದ ಮರಳುವುದೇ? ಸಹನೆ ವಹಿಸಿದರೆ ಅಲ್ಲಾಹನ ಬಳಿ ಪ್ರತಿಫಲವಿಲ್ಲವೇ? ಇದೆ, ಖಂಡಿತ ಇದೆ. ಕ್ಷಮಿಸುವುದು ಶ್ರೇಷ್ಠ. ಆದರೆ ಕ್ಷಮಿಸುವ ಅಧಿಕಾರ ನೊಂದವನದು. ನೋಯಿಸಿದವನು ತನಗೆ ತಾನೇ ಕ್ಷಮೆ ಕೊಟ್ಟುಕೊಳ್ಳುವುದಕ್ಕೆ ಸಹನೆಯೆಂದು ಹೆಸರಿಡಲಾಗದು. ಪಕ್ಕದ ಮನೆಯಲ್ಲಿ ಕುಳಿತು ಬೇರೆಯವರ ನೋವಿನ ಮೇಲೆ ಉದಾರಿಗಳಾಗುವ ನಮಗಂತೂ ಆ ಹಕ್ಕು ಇಲ್ಲವೇ ಇಲ್ಲ. ರಕ್ತ ಪರಿಹಾರವನ್ನು ಪವಿತ್ರ ಕುರ್‌ಆನ್ ನಿಯಮವಾಗಿ ಇಟ್ಟಿರುವಾಗ, ಹಣ ಕೇಳುವುದು ಕೀಳೆಂದು ಹೇಳಲು ನಾವು ಯಾರು?

ಸರಕಾರಿ ಕೆಲಸದಲ್ಲಿರುವ ಸಹೋದರ ಸಹೋದರಿಯರಿಗೆ ಒಂದು ಮಾತು. ಪೊಲೀಸ್ ಇಲಾಖೆಯಲ್ಲಿರಬಹುದು, ತಾಲೂಕು ಕಚೇರಿಯಲ್ಲಿರಬಹುದು, ಆಸ್ಪತ್ರೆಯಲ್ಲಿರಬಹುದು. ನಿಮ್ಮಿಂದ ಒಬ್ಬನಿಗೆ ಅನ್ಯಾಯವಾಗಿ, ನ್ಯಾಯಾಲಯ ನೀವು ಹೊಣೆಯಲ್ಲವೆಂದು ಹೇಳಿದರೆ ನಿರಾಳವಾಗಿ ಉಸಿರಾಡಬೇಡಿ. ಪ್ರವಾದಿ(ಸ)ರೇ ತಮ್ಮ ಬಳಿಗೆ ವ್ಯಾಜ್ಯ ತಂದವರಿಗೆ ಎಚ್ಚರಿಸಿದ್ದರು: ನಾನು ಮನುಷ್ಯ, ಮಾತಿನ ಚಾತುರ್ಯ ಕೇಳಿ ಒಬ್ಬನ ಹಕ್ಕನ್ನು ಇನ್ನೊಬ್ಬನಿಗೆ ತೀರ್ಮಾನಿಸಿದರೆ ಪಡೆದವನು ಬೆಂಕಿಯ ತುಂಡನ್ನು ಪಡೆದಂತೆ ಎಂಬುದು ಅದರ ಸಾರ. ಪ್ರವಾದಿಯವರ(ಸ) ತೀರ್ಪೇ ಅನ್ಯಾಯವನ್ನು ಧರ್ಮಸಮ್ಮತಗೊಳಿಸದಿದ್ದರೆ ನಮ್ಮ ಜಿಲ್ಲಾ ಕೋರ್ಟಿನ ತೀರ್ಪು ಗೊಳಿಸೀತೇ? ನಮಾಝ್, ಉಪವಾಸ, ಝಕಾತ್‌ಗಳ ರಾಶಿ ಹೊತ್ತು ಬಂದರೂ, ಯಾರನ್ನೋ ಹೊಡೆದ, ಯಾರದೋ ಸೊತ್ತು ತಿಂದ ಕಾರಣಕ್ಕೆ ಎಲ್ಲವನ್ನೂ ಅವರಿಗೆ ಹಂಚಿ ಬರಿಗೈಯಾಗುವ ದಿವಾಳಿಯ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಇಲಾಖೆ ನಮ್ಮ ಪರವಾಗಿ ವಕೀಲರನ್ನು ನೇಮಿಸುವುದಿಲ್ಲ.

ನಮಗೂ ಸರಕಾರಕ್ಕೂ ಏನು ಸಂಬಂಧವೆಂದು ಉಳಿದವರು ಪುಟ ತಿರುಗಿಸಬೇಡಿ. ತಿದ್ದುವುದು ನನ್ನ ಕೆಲಸ, ಕೇಳುವವರು ಯಾರು ಎಂಬ ವಾದ ನಮ್ಮ ಮನೆಗಳಲ್ಲೂ ಮದ್ರಸಗಳಲ್ಲೂ ಜಮಾಅತ್ ಕಮಿಟಿಗಳಲ್ಲೂ ದಿನ ಬೆಳಗಾದರೆ ಕೇಳಿಸುತ್ತದೆ. ಬೆತ್ತದ ಪೆಟ್ಟಿಗೆ ಮಗುವಿನ ಕಿವಿ ಕೇಳದಾದರೆ ಚಿಕಿತ್ಸೆಯ ಖರ್ಚನ್ನು ಯಾರು ಕೊಟ್ಟರು? ವಿಚಾರಣೆಯಿಲ್ಲದೆ ಕಮಿಟಿ ಹೊರಗಿಟ್ಟ ಕುಟುಂಬದ ಮಗಳ ಮದುವೆ ಮುರಿದರೆ ಯಾರು ಹೊಣೆ ಹೊತ್ತರು? ಉಮರ್(ರ)ರ ಸಭೆಯಲ್ಲಿ ಮೊದಲು ಮಾತನಾಡಿದವರ ಅಭಿಪ್ರಾಯವೇ ಇಲ್ಲಿ ಬಹುಮತದಿಂದ ಅಂಗೀಕಾರವಾಗುತ್ತದೆ.

ಇನ್ನು ನೊಂದವರ ಮಾತು. ನಮ್ಮ ಜನರಲ್ಲಿ ಹಕ್ಕಿನ ಅರಿವಿಗಿಂತ ಗಡುವಿನ ಅರಿವು ಇನ್ನೂ ಕಡಿಮೆ. ಅಕ್ರಮ ಬಂಧನಕ್ಕಾಗಿ ಪರಿಹಾರ ಕೇಳಿ ಸಿವಿಲ್ ದಾವೆ ಹೂಡಲು ಬಂಧನ ಮುಗಿದ ದಿನದಿಂದ ಒಂದೇ ವರ್ಷ ಕಾಲಾವಕಾಶ. ಸುಳ್ಳು ಮೊಕದ್ದಮೆಯಾದರೆ ಖುಲಾಸೆಯಾದ ದಿನದಿಂದ ಒಂದು ವರ್ಷ. ಸರಕಾರದ ಮೇಲೆ ದಾವೆ ಹೂಡುವ ಎರಡು ತಿಂಗಳ ಮೊದಲು ಸಾಮಾನ್ಯವಾಗಿ ನೋಟೀಸು ಕೊಡಬೇಕು. ಮೂಲಭೂತ ಹಕ್ಕಿನ ಉಲ್ಲಂಘನೆಯಾದರೆ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸುವ ದಾರಿ ಬೇರೆ ಇದೆ. ಮಾನವ ಹಕ್ಕುಗಳ ಆಯೋಗ ದೆಹಲಿಯಲ್ಲೂ ಇದೆ, ನಮ್ಮ ರಾಜ್ಯದಲ್ಲೂ ಇದೆ. ಅಲ್ಲಿಗೆ ದೂರು ಕೊಡಲೂ ಒಂದು ವರ್ಷದ ಮಿತಿ. ಆಯೋಗ ಪರಿಹಾರವನ್ನು ಶಿಫಾರಸು ಮಾಡಬಲ್ಲದು. ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿಯಿರುತ್ತದೆ. ಓದು ಬರಹ ಬಲ್ಲ ಯುವಕರು ಶುಕ್ರವಾರ ಜುಮುಅ ಮುಗಿದ ಬಳಿಕ ಮಸೀದಿಯ ಜಗಲಿಯಲ್ಲಿ ಒಂದು ಗಂಟೆ ಕುಳಿತು, ಬಂದವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಈ ಅರ್ಜಿಗಳನ್ನು ಬರೆದುಕೊಡಬಹುದು. ಒರಿಸ್ಸಾದ ಆ ತಾಯಿ ಕಳುಹಿಸಿದ್ದೂ ಒಂದು ಕಾಗದವನ್ನೇ. ದಿನಾಂಕ, ಸ್ಥಳ, ಕರೆದೊಯ್ದವರ ಹೆಸರು, ನೋಡಿದವರ ಹೆಸರು ಇವಿಷ್ಟನ್ನು ಮರೆಯದೆ ಬರೆಸಿ, ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಹೇಳಿ.